ನಗದೆ ಬರೆಯುವ ಕೆಲಸ

(ಗದಗಿನಲ್ಲಿ ಓದುಗರ ಒಂದು ಸಣ್ಣ ಕೂಟದಲ್ಲಿ ಅಣಕ ಬರವಣಿಗೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ನಡುನಡುವೆ ಬಂದ ಅಡ್ಡಮಾತುಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನಿಂತು ಅಣಕದ ಬಗ್ಗೆ ಮಾತಾಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ವೀರನಾರಾಯಣನ ಗುಡಿ ಇರುವ ಊರು ಇದು. ಕೋಳಿವಾಡದ ನಾರಣಪ್ಪ ಆ ಗುಡಿಯಲ್ಲೇ ಕೂತು ಭಾರತ ಬರೆದ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅವನು ಕುಮಾರವ್ಯಾಸನಾದ, ಅವನ ಕಾವ್ಯ ಗದುಗಿನ ಭಾರತವಾಯಿತು. ಅವನು ಹಿಡಿದದ್ದು ಭಾಮಿನಿ ಷಟ್ಪದಿ. ಅದೇ ಛಂದಸ್ಸಿನಲ್ಲಿ ನಾನೊಂದು ಪದ್ಯ ಬರೆದು ತಂದಿದ್ದೇನೆ. ವಸ್ತು ಮಾತ್ರ ಹುಬ್ಬಳ್ಳಿಯ ಮಿರ್ಚಿ ಭಜಿ. ನಾರಣಪ್ಪ ದೊಡ್ಡವನು, ಕ್ಷಮಿಸುತ್ತಾನೆ.

ಕರಿದ ಮಿರ್ಚಿಯ ಕಂಡು ಕೆರಳಿದ
ಸರಸರನೆ ತೋಳಂಗಿ ಮಡಚಿದ
ಬರಲಿ ನೂರಿದಿರಾಗಿ ತಟ್ಟೆಗೆ ಹೆದರೆ ನಾನೆನುತ
ಮುರಿದು ಮುಕ್ಕಿದನೊಂದನಾ ಕ್ಷಣ
ಉರಿಯಿತೈ ನಾಲಗೆಯು ಕಿವಿಯಲಿ
ಹೊರಟಿತೈ ಹೊಗೆ ನೀರು ನೀರೆಂದೊರಲಿದನು ವೀರ

ನೀವು ಎಲ್ಲಿ ನಕ್ಕಿರಿ ಅಂತ ನಾನು ನೋಡುತ್ತಿದ್ದೆ. ಮೊದಲ ಸಾಲಿನಲ್ಲಿ ಮಿರ್ಚಿ ಬಂದಾಗ ಯಾರೂ ನಗಲಿಲ್ಲ. ‘ಹೆದರೆ ನಾನೆನುತ’ ಅಂದಾಗ ನಕ್ಕಿರಿ. ಅಲ್ಲಿ ಹೊಸ ಜೋಕ್ ಏನೂ ಇಲ್ಲ. ಆದರೆ ಆ ತಿರುವನ್ನು ನೀವು ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವಾಗ, ಎಷ್ಟೋ ಸಲ ಕೇಳಿದ್ದೀರಿ. ರಣರಂಗಕ್ಕೆ ನುಗ್ಗುವ ವೀರರು ಹೀಗೇ ಕೊಚ್ಚಿಕೊಳ್ಳುತ್ತಾರೆ, ಮೂರನೆಯ ಸಾಲು ಹೀಗೇ ಉದ್ದ ಎಳೆದು ‘ಎನುತ’ದಲ್ಲಿ ನಿಲ್ಲುತ್ತದೆ. ಆ ಗತ್ತು ಬಂದು ಬಜ್ಜಿಯ ತಟ್ಟೆಯ ಮುಂದೆ ನಿಂತಾಗ ನಗು ಬಂತು.

ಹಾಗಾಗಿ ನಾನು ಇವತ್ತು ಹೇಳಬೇಕೆಂದುಕೊಂಡದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅಣಕ ಅನ್ನೋದು ಮೊದಲು ಕಿವಿಯ ಕೆಲಸ. ಹಾಸ್ಯ ಬುದ್ಧಿ ಆಮೇಲೆ ಸಾಕು. ಯಾವುದನ್ನು ಅಣಕಿಸುತ್ತೀರೋ ಅದು ನಿಮಗೆ ಬಾಯಿಪಾಠ ಬರಬೇಕು, ಅದನ್ನು ಬರೆದವನಿಗಿಂತ ಒಂದು ಕೈ ಹೆಚ್ಚಿನ ಶಿಸ್ತಿನಲ್ಲಿ ನೀವು ಬರೆಯಬೇಕು.

ಈ ಶಿಸ್ತು ಏನು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಶಾಲೆಯಲ್ಲಿ ಮಾತ್ರೆ ಎಣಿಸಿ ಬೇಸತ್ತವರು ಎರಡು ನಿಮಿಷ ಸಹಿಸಿಕೊಳ್ಳಿ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ಕರಿದ, ಮಿರ್ಚಿಯ, ಕಂಡು, ಕೆರಳಿದ. ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು. ಅದರ ಮೇಲೆ ಆದಿಪ್ರಾಸ ಬೇರೆ. ಆರೂ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ ಆಗಬೇಕು. ನನ್ನ ಪದ್ಯದಲ್ಲಿ ಅದು ‘ರ’ಕಾರ: ಕರಿ, ಸರ, ಬರ, ಮುರಿ, ಉರಿ, ಹೊರ.

ಈಗ ನಾಲ್ಕನೆಯ ಸಾಲು ನೋಡಿ. ‘ಮುರಿದು ತಿಂದನು ಒಂದು ಮಿರ್ಚಿ’ ಅಂತ ಬರೆದುಬಿಡಬಹುದಿತ್ತು ಅಲ್ವಾ? ಅರ್ಥ ಸರಿ ಇದೆ, ಸರಳವಾಗಿದೆ. ಎಣಿಸಿ: ಮೂರು, ನಾಲ್ಕು, ಮೂರು, ಮತ್ತೆ ಮೂರು. ಕೊನೆಗೆ ಒಂದು ಮಾತ್ರೆ ಕಡಿಮೆ. ಗಮಕ ಕೇಳಿ ಬೆಳೆದವರ ಕಿವಿ ಅಲ್ಲಿ ಎಡವುತ್ತದೆ, ಎಡವಿದ ಕಿವಿಗೆ ನಗು ಬರುವುದಿಲ್ಲ. ‘ಮುಕ್ಕಿದನೊಂದನಾ ಕ್ಷಣ’ ಅಂತ ಪದಗಳನ್ನು ಹಳೆಯ ರೀತಿಯಲ್ಲಿ ಬೆಸೆದಾಗ ಲೆಕ್ಕವೂ ಕೂಡುತ್ತದೆ, ಮುಖದ ಮೇಲೆ ಮೀಸೆಯೂ ಬರುತ್ತದೆ. ಕವಿ ಛಂದಸ್ಸು ತಪ್ಪಿದರೆ ಕವಿಸ್ವಾತಂತ್ರ್ಯ ಅಂತ ಜನ ಬಿಟ್ಟುಬಿಡುತ್ತಾರೆ. ಅಣಕ ಬರೆಯುವವನು ತಪ್ಪಿದರೆ ಇವನಿಗೆ ಬರೋದಿಲ್ಲ ಅಂತಾರೆ. ಆ ರಿಯಾಯಿತಿ ನಮಗಿಲ್ಲ.

ಮೊಬೈಲಿಗೆ ಬಂದು ಬೀಳುವ ಅಣಕಗಳಲ್ಲಿ ಮುಕ್ಕಾಲು ಪಾಲು ಸೋಲುವುದು ಇಲ್ಲೇ. ಒಂದು ಸಿನಿಮಾ ಹಾಡಿನ ಮೊದಲ ಸಾಲನ್ನು ಚೆನ್ನಾಗಿ ತಿರುಗಿಸಿರುತ್ತಾರೆ. ಎರಡನೆಯ ಸಾಲಿಗೆ ಹಾಡಲು ಹೋದರೆ ಪದಗಳು ಟ್ಯೂನಿನಿಂದ ಹೊರಗೆ ಜೋತುಬಿದ್ದಿರುತ್ತವೆ. ಮೂರನೆಯ ಸಾಲಿನ ಹೊತ್ತಿಗೆ ಬರೆದವನಿಗೇ ಟ್ಯೂನ್ ಮರೆತಿರುತ್ತದೆ. ಸುಮ್ನೆ ಬೈಗುಳ ಮಾತ್ರ ಉಳಿದಿರುತ್ತದೆ.

ಮಿರ್ಚಿ ಪದ್ಯದಲ್ಲಿ ಚೌಕಟ್ಟು ದೊಡ್ಡದು, ಒಳಗಿನ ವಸ್ತು ಸಣ್ಣದು. ಇದು ಬಹಳ ಹಳೆಯ ದಾರಿ. ಗ್ರೀಕರಲ್ಲಿ ಕಪ್ಪೆಗಳಿಗೂ ಇಲಿಗಳಿಗೂ ನಡೆದ ಯುದ್ಧವನ್ನು ಹೋಮರನ ವೀರಕಾವ್ಯದ ಧಾಟಿಯಲ್ಲೇ ಹೇಳುವ ಒಂದು ಪದ್ಯ ಇದೆ. ಇದನ್ನು ತಲೆಕೆಳಗು ಮಾಡಿದರೆ ಇನ್ನೊಂದು ದಾರಿ ಸಿಗುತ್ತದೆ. ವಸ್ತು ದೊಡ್ಡದು, ಚೌಕಟ್ಟು ಸಣ್ಣದು. ಪಾಂಡವರು ಐದು ಊರು ಕೇಳಿದ್ದು ನಿಮಗೆ ಗೊತ್ತು. ಹಸ್ತಿನಾವತಿಯಲ್ಲಿ ಒಂದು ಕಚೇರಿ ಇದ್ದಿದ್ದರೆ ಉತ್ತರ ಹೇಗೆ ಬರುತ್ತಿತ್ತು?

“ವಿಷಯ: ಐದು ಊರುಗಳನ್ನು ಮಂಜೂರು ಮಾಡುವ ಬಗ್ಗೆ.
ಉಲ್ಲೇಖ: ಶ್ರೀ ಕೃಷ್ಣ ಇವರು ಖುದ್ದಾಗಿ ಹಾಜರಾಗಿ ಸಲ್ಲಿಸಿದ ಮನವಿ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಸೂಜಿಮೊನೆಯಷ್ಟು ಜಾಗವೂ ಲಭ್ಯವಿಲ್ಲದಿರುವುದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಅರ್ಜಿದಾರರು ಇಚ್ಛಿಸಿದಲ್ಲಿ ಕುರುಕ್ಷೇತ್ರದಲ್ಲಿ ಮೇಲ್ಮನವಿ ಸಲ್ಲಿಸಬಹುದಾಗಿದೆ.”

ಇಲ್ಲಿ ಕುಟುಕುತ್ತಿರುವುದು ದುರ್ಯೋಧನನನ್ನೋ, ಕಚೇರಿಯನ್ನೋ? ಕ್ರಿಯಾಪದ ನೋಡಿ. ಪರಿಶೀಲಿಸಲಾಗಿದೆ, ಮುಕ್ತಾಯಗೊಳಿಸಲಾಗಿದೆ. ಯಾರು ಪರಿಶೀಲಿಸಿದರು? ಯಾರು ಮುಗಿಸಿದರು? ಯಾರೂ ಇಲ್ಲ. ಕಥೆಯ ದುರ್ಯೋಧನನಿಗೆ ಒಂದು ಮರ್ಯಾದೆ ಇದೆ. ಅವನು ಸಭೆಯಲ್ಲಿ ಎದುರಿಗೆ ನಿಂತು ಕೊಡೋದಿಲ್ಲ ಅನ್ನುತ್ತಾನೆ. ಕಚೇರಿಯ ಕನ್ನಡದಲ್ಲಿ ಒಬ್ಬನೂ ಕೊಡೋದಿಲ್ಲ ಅನ್ನುವುದಿಲ್ಲ, ಆದರೂ ಸಿಗುವುದಿಲ್ಲ. ತಹಶೀಲ್ದಾರ್ ಕಚೇರಿಗೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಒಂದು ‘ಲಾಗಿದೆ’ಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು. ಅಣಕದಲ್ಲಿ ವಿಮರ್ಶೆ ಇರುವುದು ಹೀಗೆ, ಬೇರೆ ಭಾಷಣ ಬೇಡ.

ಅಣಕಕ್ಕೆ ಸಿಗುವುದು ಚಾಳಿ. ಬರವಣಿಗೆಗೆ ಒಂದು ಚಾಳಿ ಅಂಟಿಕೊಂಡ ಕೂಡಲೇ ಅದನ್ನು ಅಣಕಿಸಬಹುದು. ವಿಮರ್ಶೆಯ ಭಾಷೆ, ಹುಟ್ಟುಹಬ್ಬದ ಫ್ಲೆಕ್ಸಿನ ಭಾಷೆ, ಶ್ರದ್ಧಾಂಜಲಿಯ ಭಾಷೆ, ಟಿವಿ ನಿರೂಪಕರ ಕೂಗು, ಎಲ್ಲಕ್ಕೂ ಚಾಳಿ ಇದೆ. ಹುಬ್ಬಳ್ಳಿ ಸ್ಟೇಷನ್ನಿನ ಆ 1,507 ಮೀಟರ್ ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆಲ್ಲ ರೈಲಿನ ಪ್ರಕಟಣೆ ಬಾಯಿಪಾಠ. “ಗದಗಿನಿಂದ ಅಣ್ಣಿಗೇರಿ ಮಾರ್ಗವಾಗಿ ಬರಬೇಕಾಗಿದ್ದ ಬೀಗರು ನಿಗದಿತ ಸಮಯಕ್ಕಿಂತ ಎರಡು ಗಂಟೆ ತಡವಾಗಿ ಆಗಮಿಸುವ ನಿರೀಕ್ಷೆಯಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.” ಬದಲಾಗಿದ್ದು ಒಂದೇ ಒಂದು ಪದ. ರೈಲು ಇರಬೇಕಾದಲ್ಲಿ ಬೀಗರು ಬಂದಿದ್ದಾರೆ. ಇದರ ಜೊತೆಗೆ ಸ್ಟೇಷನ್ ಹೆಸರನ್ನೂ ಬದಲಾಯಿಸಿ, ಅದಕ್ಕೊಂದು ಶ್ಲೇಷೆ ಸೇರಿಸಿ, ಕೊನೆಗೆ ಒಂದು ರಾಜಕೀಯದ ಮಾತು ತುರುಕಿದರೆ ಮೂಲವೇ ಮುಳುಗಿಹೋಗುತ್ತದೆ. ಮೂಲ ಕಾಣದಿದ್ದರೆ ಕೇಳುವವನು ಯಾವುದರ ಜೊತೆ ಹೋಲಿಸಿ ನಗಬೇಕು? ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು, ಒಂದು ಬದಲಾವಣೆ ಮಾಡಿ ನಿಲ್ಲಿಸಿ. ಅದು ಸಾಲದು ಅನ್ನಿಸಿದರೆ ನೀವು ಆರಿಸಿಕೊಂಡ ಮೂಲವೇ ಸಪ್ಪೆ ಇರಬೇಕು.

ಇನ್ನೊಂದು ವಿಷಯ ಮುಖದ್ದು. ರಾಣೆಬೆನ್ನೂರಿನ ಹೋಳಿಯಲ್ಲಿ ಜೀವಂತ ರತಿ-ಕಾಮಣ್ಣರನ್ನು ಕೂರಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಇಬ್ಬರು ವೇಷ ಹಾಕಿಕೊಂಡು ಬೊಂಬೆಗಳ ಹಾಗೆ ಕೂತಿರುತ್ತಾರೆ. ಸುತ್ತ ನಿಂತ ಜನ ಕುಣಿದು, ಚೇಷ್ಟೆ ಮಾಡಿ, ಬಾಯಿಗೆ ಬಂದದ್ದು ಹೇಳಿ ಅವರನ್ನು ನಗಿಸಲು ನೋಡುತ್ತಾರೆ. ನಗಿಸಿದವರಿಗೆ ಬಹುಮಾನ. ಆದರೆ ಅಲ್ಲಿ ಜಾಸ್ತಿ ನಗುವುದು ಯಾರು? ಸುತ್ತ ನಿಂತವರು. ಕಾಮಣ್ಣನ ಮುಖ ಗಟ್ಟಿಯಾಗಿದ್ದಷ್ಟೂ ಅವರ ನಗು ಜೋರು. ಅಣಕ ಬರೆಯುವವನು ಕೂರಬೇಕಾದದ್ದು ಕಾಮಣ್ಣನ ಜಾಗದಲ್ಲಿ. ಕಚೇರಿ ಪತ್ರದ ಅಣಕಕ್ಕೆ ಆಶ್ಚರ್ಯ ಚಿಹ್ನೆ ಹಾಕಬಾರದು, ಕಚೇರಿ ಎಂದಾದರೂ ಹಾಕಿದ್ದುಂಟೇ? ‘ಹ್ಹಹ್ಹಹ್ಹ’ ಅಂತ ಬರೆಯಬಾರದು. ಇದು ಅಣಕ ಅಂತ ತಲೆಬರಹದಲ್ಲೇ ಹೇಳಿಬಿಡಬಾರದು. ಒಂದಿಬ್ಬರು ನಿಜ ಅಂತ ನಂಬಿ ಮೋಸಹೋಗುವ ಅಪಾಯ ಇದ್ದೇ ಇರುತ್ತದೆ. ಇರಲಿ. ಆದರೆ ಚುನಾವಣೆ, ರೋಗ, ಗಲಭೆಯಂಥ ವಿಷಯದಲ್ಲಿ ನಾನು ಈ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಅಲ್ಲಿ ನಂಬಿದವರಿಗೆ ಆಗುವ ಪೆಟ್ಟು ನಗುವಿಗಿಂತ ದೊಡ್ಡದು.

ಇದನ್ನೆಲ್ಲ ನಾವು ಇಂಗ್ಲಿಷ್ ಕಲಿತ ಮೇಲೆ ಕಲಿತೆವು ಅಂತ ಅಂದುಕೊಳ್ಳಬೇಡಿ. ನಮ್ಮ ಮದುವೆಗಳಲ್ಲಿ ಬೀಗರನ್ನು ಜರಿಯುವ ಹಾಡುಗಳಿವೆ. ದೇವರ ಹಾಡಿನ ಧಾಟಿಯಲ್ಲೇ ಬೀಗತಿಯ ಗುಣಗಾನ ನಡೆಯುತ್ತದೆ, ಬೀಗತಿ ಕೂತು ಕೇಳಬೇಕು. ಗೀಗೀ ಮೇಳಗಳಲ್ಲಿ ಗಂಡು ಹೆಚ್ಚು ಅನ್ನುವ ಹರದೇಶಿಯವರು ಹಾಡಿದ್ದಕ್ಕೆ ಹೆಣ್ಣು ಹೆಚ್ಚು ಅನ್ನುವ ನಾಗೇಶಿಯವರು ಸವಾಲಿಗೆ ಸವಾಲು ಹಾಕುತ್ತಾರೆ. ಎದುರಾಳಿಯ ಪದವನ್ನು ಪೂರ್ತಿ ಕಿವಿಗೊಟ್ಟು ಕೇಳದವರಿಗೆ ಅಲ್ಲಿ ಉಳಿಗಾಲ ಇಲ್ಲ. ಆಮೇಲೆ ಒಡಪು. ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸ ಕಟ್ಟಿ ಹೇಳುವ ಪದ್ಧತಿ. ಅದರಲ್ಲಿ ಬೆಳ್ಳಿ ತಟ್ಟೆ, ಬಂಗಾರದ ಲೋಟ, ಮಲ್ಲಿಗೆ ದಂಡಿ, ಇಂಥವು ಬರಲೇಬೇಕು. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಒಂದು ಮದುವೆಯಲ್ಲಿ ಹೇಳಿದ್ದು ಇದು. ಹೆಸರು ಬದಲಾಯಿಸಿದ್ದೇನೆ:

“ಫೋನಿನ್ಯಾಗ ಚಾರ್ಜ್ ಇಲ್ಲ, ಮನಿಯಾಗ ಕರೆಂಟ್ ಇಲ್ಲ, ನಮ್ಮ ಬಸವರಾಜರಿಗೆ ಅದರ ಖಬರೂ ಇಲ್ಲ.”

ಬೆಳ್ಳಿ ತಟ್ಟೆ ಹೋಗಿ ಚಾರ್ಜ್ ಬಂತು. ಒಡಪಿನ ಮಟ್ಟು ಹಾಗೇ ಇದೆ, ‘ರಿಗೆ’ ಅನ್ನುವ ಮರ್ಯಾದೆಯೂ ಹಾಗೇ ಇದೆ. ಬಸವರಾಜರು ಕೂಡ ನಗಲೇಬೇಕಾಯಿತು. ಅವಳು ಅಣಕದ ಸಿದ್ಧಾಂತ ಓದಿರಲಿಲ್ಲ ಅಂತ ಹೇಳಬೇಕಾಗಿಲ್ಲ.

ಬರವಣಿಗೆಗೆ ಬಂದರೆ ಕೈಲಾಸಂ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವರು ಲಂಡನ್ನಿನಲ್ಲಿ ಓದಿದವರು. ಐರ್ಲೆಂಡಿನ ಟಿಪ್ಪರೇರಿ ಬಲು ದೂರ ಅಂತ ಹೇಳುವ, 1912ರ ಒಂದು ಇಂಗ್ಲಿಷ್ ಹಾಡನ್ನು ಮೊದಲ ಮಹಾಯುದ್ಧದ ಸಿಪಾಯಿಗಳು ಹಾಡುತ್ತಿದ್ದರು. ಕೈಲಾಸಂ ಆ ಟಿಪ್ಪರೇರಿಯನ್ನು ತಿಪ್ಪಾರಳ್ಳಿ ಮಾಡಿದರು. ಆ ಹೆಸರು ಸಿಕ್ಕಿದ ಮೇಲೆ ಅರ್ಧ ಕೆಲಸ ಮುಗಿಯಿತು ಅಂತ ನನ್ನ ಊಹೆ. ಕಿವಿಗೆ ಬಿದ್ದ ಪರದೇಶದ ಸದ್ದಿಗೆ ನಮ್ಮ ಕಡೆಯ ಹಳ್ಳಿಯೊಂದು ಎದ್ದು ಓಗೊಟ್ಟಿತು. ಮೂಲದ ಬಗ್ಗೆ ಇಲ್ಲಿ ಕುಹಕ ಇಲ್ಲ, ಇರುವುದು ಆಟ. ಮುಂದೆ 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ‘ರಾಶಿ’, ‘ಕೊರವಂಜಿ’ ಪತ್ರಿಕೆ ಶುರು ಮಾಡಿದರು. 1967ರ ವರೆಗೆ ನಡೆದ ಆ ಪತ್ರಿಕೆ ನಗೆಬರಹಕ್ಕೆ ಒಂದು ಕಾಯಂ ವಿಳಾಸ ಕೊಟ್ಟಿತು.

ಅಣಕ ಮಾಡಿದರೆ ಮೂಲಕ್ಕೆ ಅವಮಾನ ಅಂತ ಹೇಳುವವರಿದ್ದಾರೆ. ಅವರಿಗೆ ನಾನು ಒಂದು ಮೊಸಳೆಯ ಕಥೆ ಹೇಳುತ್ತೇನೆ. ಐಸಾಕ್ ವಾಟ್ಸ್ ಅನ್ನುವ ಇಂಗ್ಲಿಷ್ ಪಾದ್ರಿ 1715ರಲ್ಲಿ ಮಕ್ಕಳಿಗಾಗಿ ನೀತಿಪದ್ಯಗಳನ್ನು ಪ್ರಕಟಿಸಿದರು. ಅದರಲ್ಲಿ ಒಂದು, ಜೇನುಹುಳ ಹೇಗೆ ಸುಮ್ಮನೆ ಕೂರದೆ ದುಡಿಯುತ್ತದೆ ನೋಡು ಅನ್ನುವ ಪದ್ಯ. ತಲೆಮಾರುಗಟ್ಟಲೆ ಇಂಗ್ಲಿಷ್ ಮಕ್ಕಳು ಅದನ್ನು ಉರು ಹೊಡೆದರು. 1865ರಲ್ಲಿ ಲೂಯಿಸ್ ಕ್ಯಾರಲ್ ತನ್ನ ಆಲಿಸ್ ಕಥೆಯಲ್ಲಿ ಆ ಪದ್ಯವನ್ನು ತಿರುಗಿಸಿದ. ಜೇನುಹುಳದ ಜಾಗಕ್ಕೆ ಮೊಸಳೆ ಬಂತು. ಅದು ದುಡಿಯುವುದಿಲ್ಲ, ನಗುನಗುತ್ತ ಬಾಯಿ ತೆರೆದು ಪುಟ್ಟ ಮೀನುಗಳನ್ನು ಸ್ವಾಗತಿಸುತ್ತದೆ. ಇವತ್ತು ಜನಕ್ಕೆ ಗೊತ್ತಿರುವುದು ಮೊಸಳೆಯೇ. ಜೇನುಹುಳವನ್ನು ಹೆಚ್ಚಿನವರು ನೆನಪಿಸಿಕೊಳ್ಳುವುದು ಮೊಸಳೆಯ ಅಡಿಟಿಪ್ಪಣಿಯಲ್ಲಿ. ಡಾನ್ ಕ್ವಿಕ್ಸೋಟನ ಕಥೆಯೂ ಹೀಗೇ. ಸರ್ವಾಂಟಿಸ್ 1605ರಲ್ಲಿ ಅದರ ಮೊದಲ ಭಾಗ ಪ್ರಕಟಿಸಿದಾಗ ಕುದುರೆ ಸವಾರ ವೀರರ ಅಬ್ಬರದ ಕಥೆಗಳು ಎಲ್ಲರಿಗೂ ಗೊತ್ತಿದ್ದವು. ಈಗ ಆ ಕಥೆಗಳನ್ನು ಓದುವವರು ವಿದ್ವಾಂಸರು ಮಾತ್ರ. ಕುಮಾರವ್ಯಾಸನಿಗೆ ನನ್ನ ಮಿರ್ಚಿಯಿಂದ ಇಂಥ ಗತಿ ಬರೋದಿಲ್ಲ, ಹೆದರಬೇಡಿ. ಮೂಲ ಗಟ್ಟಿ ಇದ್ದರೆ ಅದನ್ನು ಅಲುಗಾಡಿಸುವುದು ಅಣಕದ ಕೈಲಾಗುವುದಿಲ್ಲ.

ಖಾರ ಎಷ್ಟಿರಬೇಕು ಅಂತ ಯಾರೋ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ, ಅದು ಹೆಸರಾದದ್ದು ಬಣ್ಣಕ್ಕೆ. ಸಾರಿಗೆ ಹಾಕಿದರೆ ಕಣ್ಣಿಗೆ ಬೆಂಕಿ ಕಂಡಂತೆ ಕಾಣುತ್ತದೆ, ನಾಲಗೆ ಮಾತ್ರ ಉಳಿದುಕೊಳ್ಳುತ್ತದೆ. ನನಗೆ ಇಷ್ಟವಾದ ಅಣಕ ಅಂಥದ್ದು. ಎಲ್ಲರೂ ಹೀಗೇ ಬರೆಯಬೇಕು ಅಂತಲ್ಲ. ಅಧಿಕಾರದಲ್ಲಿ ಕೂತವರ ಮಾತನ್ನು ಅಣಕಿಸುವಾಗ ಗುಂಟೂರು ಮೆಣಸಿನಕಾಯಿಯ ಖಾರ ಬೇಕಾಗಬಹುದು.

ಈಗ ನನಗೆ ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಮಾತನ್ನು ಸಿನಿಮಾ, ಧಾರಾವಾಹಿಗಳಲ್ಲಿ ಅಣಕಿಸುವ ವಿಷಯ. ಪಾತ್ರವೊಂದು ಪೆದ್ದ ಅಂತ ತೋರಿಸಬೇಕಾದರೆ ಅದರ ಬಾಯಿಗೆ ಧಾರವಾಡದ ಕನ್ನಡ ಹಾಕಿದರಾಯಿತು. ನನ್ನ ತಕರಾರು ಎರಡು ತರಹದ್ದು. ಮೊದಲನೆಯದು ಎಲ್ಲರೂ ಹೇಳುವಂಥದ್ದು. ಹುಟ್ಟಿನಿಂದ ಬಂದ ಮಾತು ಚಾಳಿಯಲ್ಲ. ಫ್ಲೆಕ್ಸ್ ಬರೆಸಿದವನು ಹಾಗೆ ಬರೆಸಬೇಕು ಅಂತ ಆರಿಸಿಕೊಂಡಿರುತ್ತಾನೆ, ಅವನನ್ನು ಅಣಕಿಸಿ. ತಾಯಿಯ ಬಾಯಿಂದ ಕಲಿತ ಮಾತನ್ನು ಯಾರೂ ಆರಿಸಿಕೊಂಡಿರುವುದಿಲ್ಲ.

ಎರಡನೆಯ ತಕರಾರು ಕಸುಬಿನದು, ನನಗೆ ಅದೇ ಜಾಸ್ತಿ ಮುಖ್ಯ. ಅವರು ಸರಿಯಾಗಿ ಕೇಳಿಸಿಕೊಂಡೇ ಇರೋದಿಲ್ಲ. ಪ್ರತಿ ಮಾತಿನ ಕೊನೆಗೆ ಒಂದು ‘ರೀ’ ಅಂಟಿಸಿದರೆ ಹುಬ್ಬಳ್ಳಿಯ ಮಾತಾಯಿತು ಅಂತ ತಿಳಿದಿದ್ದಾರೆ. ತಾಯಿ ತನ್ನ ಕೂಸಿಗೆ ‘ಬರ್ರೀ’ ಅಂತಾಳೇನು? ‘ಹೊಂಟೀನಿ’ ಅನ್ನಬೇಕಾದಲ್ಲಿ ‘ಹೋಗಾಕತ್ತೀನಿ’ ಅನ್ನಿಸುತ್ತಾರೆ, ‘ಮಾಡ್ತೀನಿ’ ಅನ್ನಬೇಕಾದಲ್ಲೂ ‘ಮಾಡಾಕತ್ತೀನಿ’, ಅಂದರೆ ‘ಮಾಡುತ್ತಿದ್ದೇನೆ’. ‘ಮಾಡಾಕತ್ತೀನಿ’ ಅನ್ನುವ ಮನೆ ಬೇರೆ, ‘ಮಾಡ್ಲಿಕ್ಕತ್ತೀನಿ’ ಅನ್ನುವ ಮನೆ ಬೇರೆ ಅನ್ನುವುದಂತೂ ಅವರಿಗೆ ಗೊತ್ತೇ ಇಲ್ಲ. ಮಾತ್ರೆ ತಪ್ಪಿದ ಷಟ್ಪದಿಯ ಹಾಗೆಯೇ ಇದೂ ಕೆಟ್ಟ ಕೆಲಸ.

ಹಾಗಾದರೆ ಧಾರವಾಡದವರನ್ನು ಅಣಕಿಸಲೇಬಾರದೇ? ಅಯ್ಯೋ, ಅಣಕಿಸಬೇಕು, ಆದರೆ ನಮಗೆ ನಿಜವಾಗಿ ಇರುವ ಚಾಳಿಗಳನ್ನು ಹಿಡಿಯಿರಿ. ನಮ್ಮಲ್ಲಿ ಸಾಲ ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. “ನೋಡೋಣಂತ” ಅಂತಾರೆ. ಮರುದಿನ ಕೇಳಿದರೆ “ಮಾಡೋಣಂತ”. ವಾರ ಬಿಟ್ಟು ಕೇಳಿದರೆ “ಆತಂತ ತಿಳಕೋರಿ”. ಮೂರಕ್ಕೂ ಅರ್ಥ ಒಂದೇ, ಹಣ ಸಿಗೋದಿಲ್ಲ. ಇದನ್ನು ಇಟ್ಟುಕೊಂಡು ಒಂದು ಇಡೀ ಪ್ರಹಸನ ಬರೆಯಬಹುದು. ಬರೆದರೆ ಮೊದಲು ನಗುವವರು ಧಾರವಾಡದವರೇ.

ಕಾನೂನಿನ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಸಿನಿಮಾ ಟ್ಯೂನಿಗೆ ಬರೆದು ವಿಡಿಯೋ ಮಾಡುವವರು ಇಲ್ಲಿ ಇದ್ದೀರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಟೀಕೆ, ವಿಮರ್ಶೆಗಳಿಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ. ಅಣಕ ಅಂತ ಹೆಸರು ಹಿಡಿದು ಹೇಳುವುದಿಲ್ಲ. ಬ್ರಿಟನ್ 2014ರಲ್ಲಿ ತನ್ನ ಕಾನೂನಿನಲ್ಲಿ ಹೆಸರು ಹಿಡಿದೇ ಸೇರಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ, ಹಣಕ್ಕಾಗಿ ಮಾಡಿದ ಅಣಕ ಹಾಡು ಕೂಡ ನ್ಯಾಯವಾದ ಬಳಕೆ ಆಗಬಹುದು ಅಂತ ಹೇಳಿತು. ನಮ್ಮಲ್ಲಿ ಪದಗಳು ನಿಮ್ಮವಾದರೂ ಟ್ಯೂನ್ ಇನ್ನೊಬ್ಬರದು, ಅದನ್ನು ನೆನಪಿಡಿ. ಷಟ್ಪದಿಗೆ ಆ ತೊಂದರೆ ಇಲ್ಲ. ಅದರ ಹಕ್ಕು ಕೇಳಲು ಯಾರೂ ಬರೋದಿಲ್ಲ.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್ರ, ನಮಗ ಷಟ್ಪದಿ ಬರೂದಿಲ್ಲರಿ. ಮೊದಲ ಯಾವುದರಿಂದ ಚಾಲೂ ಮಾಡಬೇಕ್ರಿ?” ಅಂತ ಕೇಳಿದಳು. ಮನೆಯಲ್ಲಿ ಬಿದ್ದಿರುವ ಲಗ್ನಪತ್ರಿಕೆಯಿಂದ ಶುರು ಮಾಡು ಅಂದೆ. ಅದರ ಭಾಷೆ ಎಲ್ಲರಿಗೂ ಗೊತ್ತು, ಅದರಲ್ಲಿ ಒಂದು ಪದ ಆಚೀಚೆ ಆದರೂ ಅಜ್ಜಿಯಂದಿರು ಹಿಡಿಯುತ್ತಾರೆ. ಮದುವ್ಯಾಗ ಮದುಮಗಳ ಜಾಗದಲ್ಲಿ ಬೇರೆ ಏನು ತಂದು ಕೂರಿಸ್ತೀಯೋ ನೋಡು ಅಂದೆ. ಎಲ್ಲರೂ ಚಹಾ ಕುಡಿಯುವಷ್ಟರಲ್ಲಿ ಅವಳು ಹಾಳೆಯೊಂದನ್ನು ತಂದು ಕೊಟ್ಟಳು. ಗದಗ-ಬೆಟಗೇರಿಯಲ್ಲಿ ನಳದ ನೀರಿಗೆ ಕಾದು ಕೂತವರಿಗೆ ವಿವರಣೆ ಬೇಡ:

“ಶ್ರೀ ವೀರನಾರಾಯಣ ಪ್ರಸನ್ನ. ಗುರು-ಹಿರಿಯರ ಆಶೀರ್ವಾದದಿಂದ ನಮ್ಮ ಓಣಿಯ ಜ್ಯೇಷ್ಠ ನಳದಲ್ಲಿ ಚಿ. ಸೌ. ಗಂಗಾ ಇವಳು ಬರುವ ಸೋಮವಾರ ಬೆಳಗಿನ ಜಾವ 3 ಗಂಟೆಗೆ ಸಲ್ಲುವ ಶುಭ ಮುಹೂರ್ತದಲ್ಲಿ ಆಗಮಿಸಲು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಕೊಡಗಳ ಸಮೇತ ಬಂದು ಸಮಾರಂಭವನ್ನು ಚಂದಗಾಣಿಸಿಕೊಡಬೇಕಾಗಿ ವಿನಂತಿ. ತಮ್ಮ ಸುಖಾಗಮನ ಬಯಸುವವರು: ಓಣಿಯ ಸಮಸ್ತ ಖಾಲಿ ಬ್ಯಾರಲ್ಲುಗಳು. ವಿ.ಸೂ.: ಮೋಟಾರ್ ಹಚ್ಚುವವರಿಗೆ ಆಮಂತ್ರಣ ಇರುವುದಿಲ್ಲ.”

ನಾನು ಹೇಳಿದ ತಿದ್ದುಪಡಿ ಒಂದೇ. ವಿಶೇಷ ಸೂಚನೆಯ ಪಕ್ಕದಲ್ಲಿ ಅವಳು ಒಂದು ನಗುವ ಮುಖ ಬಿಡಿಸಿದ್ದಳು, ಅದನ್ನು ಅಳಿಸು ಅಂದೆ.